ಒಂದು ಮಗುವಿನ ಹೆಡ್ಮೇಷ್ಟ್ರು

ಬೆಳಿಗ್ಗೆ ಒಂಬತ್ತೂವರೆಗೆ ನಮ್ಮ ಅಂಗಡಿ ಮುಂದಿನ ಗದ್ದಲ ಅಡಗುತ್ತದೆ. ಪೆನ್ನು ಮರೆತವನು, ಲಾಂಗ್ ಬುಕ್ಕಿನ ಬದಲು ಶಾರ್ಟ್ ಬುಕ್ಕು ಒಯ್ದು ಬೈಸಿಕೊಂಡವಳು, ಐದು ರೂಪಾಯಿ ರಬ್ಬರಿಗೆ ಐನೂರರ ನೋಟು ಹಿಡಿದು ನಿಂತವನು ಎಲ್ಲರೂ ಬೆಲ್ಲಿನ ಹಿಂದೆ ಓಡಿಹೋದ ಮೇಲೆ ನಾನು ಎದುರು ಹೋಟೆಲಿಗೆ ಒಂದು ಕಾಫಿ ಹೇಳಿ, ಪೇಪರು ಬಿಡಿಸಿ ಕೂರುತ್ತೇನೆ. ಆಗ ಬರುತ್ತಾರೆ ಅವರು. ಹೆಗಲಲ್ಲಿ ಬಟ್ಟೆ ಚೀಲ, ಕಾಲಿಗೆ ಹವಾಯಿ ಚಪ್ಪಲಿ, ಕಂಕುಳಲ್ಲಿ ದಪ್ಪ ಡೈರಿ, ಬೆರಳ ತುದಿಯಲ್ಲಿ ಒಂಬತ್ತು ವರ್ಷದ ಮಗಳು.

"ಸಾರ್, ಒಂದು ಎ ಫೋರ್ ಶೀಟು ಕೊಡಿ. ಸ್ಕೂಲ್ ರೇಟು."

ಬೇಲೂರಿನ ಸ್ಟೇಷನರಿ ಅಂಗಡಿಯವರಿಗೆ ಸ್ಕೂಲ್ ರೇಟು ಅಂದರೆ ಏನು ಅಂತ ಗೊತ್ತು. ಶಾಲೆಯವರು ಒಟ್ಟಿಗೆ ಇನ್ನೂರು ನೋಟ್ ಬುಕ್ಕು ಒಯ್ದರೆ ನೂರಕ್ಕೆ ಹತ್ತು ಬಿಡುತ್ತೇವೆ. ಇವರ ಶಾಲೆಯ ಒಟ್ಟು ದಾಖಲಾತಿ ಒಂದು. ಹಾಜರಾತಿ ನೂರಕ್ಕೆ ನೂರು. ಹೆಡ್ಮೇಷ್ಟ್ರೂ ಇವರೇ, ಜವಾನನೂ ಇವರೇ. ಮಧ್ಯಾಹ್ನದ ಬಿಸಿಯೂಟ ಮಾತ್ರ ಹೆಂಡತಿಯ ಖಾತೆ. ಒಂದು ರೂಪಾಯಿ ಹಾಳೆಗೆ ಹತ್ತು ಪೈಸೆ ಹೇಗೆ ಬಿಡಲಿ ಸ್ವಾಮಿ ಅಂದರೆ ಅದಕ್ಕೂ ಅವರಲ್ಲಿ ಉತ್ತರವಿದೆ: "ಡೈರೀಲಿ ಬರ್ಕೋತೀನಿ. ಹತ್ತು ಹಾಳೆ ಆದ ಮೇಲೆ ಹನ್ನೊಂದನೇದು ಫ್ರೀ ಕೊಡಿ." ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿ, ಅದು ಶೇಕಡ ಹತ್ತಕ್ಕಿಂತ ಕಡಿಮೆಯೇ ಆಗುತ್ತದೆ ಅಂತ ಒಳಗೊಳಗೇ ಖುಷಿಪಟ್ಟು ಒಪ್ಪಿಕೊಂಡೆ. ಆ ಖುಷಿ ಎಷ್ಟು ದಿನದ್ದು ಅಂತ ಮುಂದೆ ಹೇಳುತ್ತೇನೆ.

ಊರಿನವರು ಅವರನ್ನು ಮನೆಶಾಲೆ ಮೇಷ್ಟ್ರು ಅನ್ನುತ್ತಾರೆ. ಈ ತಳಿ ಮೊದಲು ಬೆಂಗಳೂರಿನಲ್ಲಿ ಮಾತ್ರ ಕಾಣಸಿಗುತ್ತಿತ್ತು. 2020ರ ಲಾಕ್‌ಡೌನಿನಲ್ಲಿ ಲ್ಯಾಪ್‌ಟಾಪು ಹೆಗಲಿಗೇರಿಸಿ ಊರ ಕಡೆ ವಲಸೆ ಬಂತು. ಎಷ್ಟೋ ಜನ ಕಂಪನಿ ಕರೆದ ಕೂಡಲೇ ಹಾರಿಹೋದರು. ಕೆಲವರಿಗೆ ಅಜ್ಜನ ಹೆಂಚಿನ ಮನೆ, ಯಗಚಿ ಕಡೆಯಿಂದ ಬೀಸುವ ಗಾಳಿ, ಬಾಡಿಗೆಯಿಲ್ಲದ ಜಗಲಿ ಇವೆಲ್ಲ ಹಿಡಿಸಿ ಇಲ್ಲೇ ಗೂಡು ಕಟ್ಟಿದರು. ಆ ಎರಡು ವರ್ಷ ಇಡೀ ನಾಡಿನ ಮಕ್ಕಳೇ ಮನೆಯಲ್ಲಿ ಕೂತು ಕಲಿತರಲ್ಲ, ಸರ್ಕಾರವೇ ವಿದ್ಯಾಗಮ ಅಂತ ಮೇಷ್ಟ್ರುಗಳನ್ನು ಜಗಲಿ, ಗುಡಿ, ಮರದಡಿಗೆ ಕಳಿಸಿತ್ತಲ್ಲ, ಅಲ್ಲಿಂದ ಹಾಗೆ ಉಳಿದವರಲ್ಲೊಬ್ಬರಾದ ನಮ್ಮ ಮೇಷ್ಟ್ರಿಗೆ ಮನೆಶಾಲೆಯ ಯೋಚನೆ ಅಂಟಿದ್ದು. ಶಾಲೆ ಬಾಗಿಲು ತೆರೆದಾಗ ಎಲ್ಲರ ಮಕ್ಕಳೂ ಒಳಗೆ ಹೋದವು. ಇವರ ಪುಟ್ಟಿ ಹೋಗಲಿಲ್ಲ.

ಕಾನೂನು ಒಪ್ಪುತ್ತದೆಯೇ ಅಂತ ಅವರನ್ನು ಕೇಳಬಾರದು. ಕೇಳಿದರೆ ಕಾಫಿ ಆರುತ್ತದೆ. 2010ರ ಏಪ್ರಿಲ್ ಒಂದರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ ಹತ್ತನೇ ಸೆಕ್ಷನ್ನು, ಮಗುವನ್ನು ನೆರೆಯ ಶಾಲೆಗೆ ಸೇರಿಸುವುದು ಹೆತ್ತವರ ಕರ್ತವ್ಯ ಅನ್ನುತ್ತದಂತೆ. ಸೇರಿಸದಿದ್ದರೆ ಹೆತ್ತವರಿಗೆ ಶಿಕ್ಷೆ ಏನು ಅಂತ ಎಲ್ಲೂ ಹೇಳುವುದಿಲ್ಲವಂತೆ. ಆ ಸಂದಿಯಲ್ಲಿ ಇವರ ಶಾಲೆ ನಡೆಯುತ್ತಿದೆ. ಮುಂದೆ ಸರ್ಟಿಫಿಕೇಟಿಗೆ ನೋಯ್ಡಾದ ಎನ್‌ಐಒಎಸ್ ಉಂಟು. 1989ರಲ್ಲಿ ಶುರುವಾದ ಮುಕ್ತ ಶಾಲೆ, ಎ, ಬಿ, ಸಿ ಅಂತ ಮೂರು ಮೆಟ್ಟಿಲು, ಅಂದರೆ ಮೂರನೇ, ಐದನೇ, ಎಂಟನೇ ಕ್ಲಾಸಿಗೆ ಸಮ. ಹದಿನಾಲ್ಕು ತುಂಬಿದ ಮೇಲೆ ಹತ್ತನೇದು. ಇಷ್ಟನ್ನೂ ಅವರು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಕೇಳಿದವರು ಮಾತ್ರ ನಡುನಡುವೆ ಉಸಿರು ಬಿಡಬೇಕಾಗುತ್ತದೆ.

ಮಿಕ್ಕ ಲಕ್ಷಣಗಳನ್ನು ಚುಟುಕಾಗಿ ಹೇಳಿಬಿಡುತ್ತೇನೆ. ತೇಜಸ್ವಿ ಭಕ್ತರು. ಮೂಡಿಗೆರೆ ದಿಕ್ಕಿಗೆ ತಿರುಗಿ ಮಾತಾಡುವಾಗ ದನಿ ಮೆತ್ತಗಾಗುತ್ತದೆ. ಕಾರಂತರು 1936ರಷ್ಟು ಹಿಂದೆಯೇ 'ಬಾಲ ಪ್ರಪಂಚ' ಬರೆದು ಮುಗಿಸಿದ್ದರು, ನಾವಿನ್ನೂ ಗೈಡು ಉರು ಹೊಡೆಸುತ್ತಿದ್ದೇವೆ ಅಂತ, ಗೈಡು ಮಾರಿ ಬದುಕುವ ನನ್ನ ಎದುರೇ ನಿಟ್ಟುಸಿರು ಬಿಡುತ್ತಾರೆ. ಯೂನಿಫಾರಂ ಕಂಡರೆ ಆಗದು. ಬೆಲ್ಲಿನ ಸದ್ದು ಕೇಳಿದರೆ ಹಲ್ಲು ನೋವು ಬಂದವರ ಹಾಗೆ ಮುಖ ಮಾಡುತ್ತಾರೆ. ಒಮ್ಮೆ ಯಾವುದೋ ಕೌಂಟರಿನಲ್ಲಿ ಮಗಳಿಗೆ ವಿದ್ಯಾರ್ಥಿ ಪಾಸು ಕೇಳಲು ಹೋಗಿದ್ದರು. "ಸ್ಕೂಲು ಯಾವುದು?" ಅಂದರಂತೆ ಒಳಗಿನವರು. "ಮನೆ." "ಯಾವ ಹೋಬಳಿ?" ಅಂತ ಮರುಪ್ರಶ್ನೆ. ಇವರು ಅರ್ಧ ಗಂಟೆ ವಿವರಿಸಿದ ಮೇಲೆ, "ಆಯ್ತು ಸಾರ್, ಮನೆಯಿಂದ ಮನೆಗೆ ಹೋಗೋಕೆ ಬಸ್ ಯಾಕೆ?" ಅಂದರಂತೆ. ಅವತ್ತು ಮೊದಲ ಸಲ ಮೇಷ್ಟ್ರು ಉತ್ತರ ಸಿಗದೆ ವಾಪಸು ಬಂದದ್ದು.

ಇನ್ನು ಆ ಡೈರಿ. ಅದರಲ್ಲಿ ಬೇಲೂರಿನ ಅಂಗಡಿ ಮುಂಗಟ್ಟುಗಳನ್ನೆಲ್ಲ ಮೂರು ಕಾಲಮ್ಮಿನಲ್ಲಿ ಬರೆದಿದ್ದಾರೆ. ಸಹಕಾರಿಗಳು, ಅಸಹಕಾರಿಗಳು, ಪರಿವರ್ತನೆಯ ಹಾದಿಯಲ್ಲಿರುವವರು. ಎರಡು ವರ್ಷ ನಾನು ಮೂರನೇ ಕಾಲಮ್ಮಿನಲ್ಲೇ ನವೆದೆ.

ಸಹಕಾರಿಗಳ ಸಾಲಿನಲ್ಲಿ ಮೊದಲ ಹೆಸರು ಕಟಿಂಗ್ ಶಾಪಿನದು. ಎದುರು ಬದುರು ಕನ್ನಡಿ ಇರುವುದರಿಂದ ಅದು ಬೆಳಕಿನ ಪಾಠದ ಪ್ರಯೋಗಶಾಲೆ. ಪುಟ್ಟಿ ಅಲ್ಲಿ ಕೂತು ಒಂದರೊಳಗೊಂದು ಎಷ್ಟು ಪುಟ್ಟಿಯರು ಕಾಣುತ್ತಾರೆ ಅಂತ ಎಣಿಸುತ್ತಿದ್ದರೆ, ಕತ್ತರಿ ಹಿಡಿದಾತ ಅವಳೊಡನೆ ತಾನೂ ಎಣಿಸಿ ಒಬ್ಬ ಗಿರಾಕಿಯ ಮೀಸೆಯ ಒಂದು ತುದಿ ತೆಗೆದೇಬಿಟ್ಟ. ಎರಡನೆಯವರು ಟೈಲರು. ಇಂಚು ಸೆಂಟಿಮೀಟರಿನ ಪಾಠ ಅವರದು. ಮೂರನೆಯದು ಕುಲುಮೆ: ಕಾಯಿಸಿದರೆ ಹಿಗ್ಗುವುದು, ಆರಿದರೆ ಕುಗ್ಗುವುದು. ಆಮೇಲೆ ಅಂಚೆ ಕಚೇರಿ, ಆಲೂಗಡ್ಡೆ ಮಂಡಿ, ಶುಂಠಿ ತೂಗುವ ತಕ್ಕಡಿ. ಬೇಲೂರಿಗೆ ರೈಲಿಲ್ಲವಾದ್ದರಿಂದ ರೈಲಿನ ಪಾಠಕ್ಕೆ ಅರಸೀಕೆರೆ ಜಂಕ್ಷನ್ನು. ಅಲ್ಲಿ ಇಡೀ ದಿನ ಕೂತು ಹುಬ್ಬಳ್ಳಿ ಕಡೆ ಎಷ್ಟು, ಮೈಸೂರು ಕಡೆ ಎಷ್ಟು ಅಂತ ಬರೆದುಕೊಂಡು, ಬರುವಾಗ ಕೊಬ್ಬರಿ ವ್ಯಾಪಾರವನ್ನೂ ಕಲಿತು ಬಂದರು. ಗ್ರಂಥಾಲಯದ ವಿಷಯದಲ್ಲಂತೂ ಅವರು ಹಕ್ಕಿನವರ ಹಾಗೆಯೇ ಮಾತಾಡುತ್ತಾರೆ. "ಮನೆ ಕಂದಾಯದ ಜೊತೆ ಶೇಕಡ ಆರು ಗ್ರಂಥಾಲಯ ಕರ ಕಟ್ತೀವಲ್ಲ ಸಾರ್, ಎಷ್ಟು ಜನ ಒಳಗೆ ಕಾಲಿಟ್ಟಿದ್ದೀರಿ?" ನಾನು ಎದುರಿನ ಹೋಟೆಲಿನ ಕಡೆ ನೋಡಿದೆ. ಹಳ್ಳಿ ಪಂಚಾಯಿತಿ ಗ್ರಂಥಾಲಯದಲ್ಲಿ 2020ರ ಮಕ್ಕಳ ದಿನಾಚರಣೆಯಿಂದ 'ಓದುವ ಬೆಳಕು' ಅಂತ ಆರರಿಂದ ಹದಿನೆಂಟರವರೆಗಿನ ಮಕ್ಕಳಿಗೆ ಪುಕ್ಕಟೆ ಸದಸ್ಯತ್ವ ಕೊಡುತ್ತಿರುವುದನ್ನು ಊರಿಗೆಲ್ಲ ಸಾರಿದವರೂ ಅವರೇ. ನನ್ನ ಅಂಗಡಿಗೆ ಬಂದ ನಾಲ್ಕಾರು ಹಳ್ಳಿ ಮಕ್ಕಳು ಅದನ್ನು ಕೇಳಿ ಹೋಗಿ ಹೆಸರು ಬರೆಸಿದ್ದು ನನಗೆ ಗೊತ್ತು. ಬೈಯುವ ಭರದಲ್ಲಿ ಇದನ್ನು ಮರೆಯಬಾರದು.

ದೇವಸ್ಥಾನವಂತೂ ಅವರ ಮುಖ್ಯ ಕಟ್ಟಡ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಯುನೆಸ್ಕೋ ಪಟ್ಟಿಗೆ ಸೇರಿದಾಗ ನಾವೆಲ್ಲ ಟೂರಿಸ್ಟು ಹೆಚ್ಚುತ್ತಾರೆ ಅಂತ ಹಿಗ್ಗಿದರೆ, ಇವರು, "ನೋಡಿ, ನಮ್ಮ ಕ್ಲಾಸ್‌ರೂಮಿಗೆ ಮಾನ್ಯತೆ ಸಿಕ್ತು" ಅಂದರು. ಅಲ್ಲಿನ ನಲವತ್ತೆರಡು ಅಡಿ ಕಂಬ ತನ್ನ ತೂಕದ ಮೇಲೇ ನಿಂತಿದೆಯಲ್ಲ, ಅದರ ಬುಡದ ಸಂದಿಯಲ್ಲಿ ಹಾಳೆ ತೂರಿಸಿ ನೋಡುವುದಕ್ಕೇ ನನ್ನ ಒಂದು ರೂಪಾಯಿ ಎ ಫೋರು. ಗೋಡೆಯ ಬುಡದ ಆನೆ ಸಾಲನ್ನು ಎಣಿಸುವುದು ಕೂಡುವ ಲೆಕ್ಕ. ಆರುನೂರಕ್ಕೂ ಮಿಕ್ಕಿದ ಆನೆಗಳು. ನಡುವೆ ಯಾರಾದರೂ ಮಾತಾಡಿಸಿದರೆ ಮತ್ತೆ ಒಂದರಿಂದ. ಒಂದು ದಿನ ಅಲ್ಲಿನ ಗೈಡೊಬ್ಬರು ನಲವತ್ತು ಜನ ಪ್ರವಾಸಿಗರಿಗೆ, "ಈ ಗುಡಿಯಲ್ಲಿ ಒಟ್ಟು 42 ಮದನಿಕೆಯರು" ಅಂತ ಕೈ ಎತ್ತಿ ತೋರಿಸುತ್ತಿದ್ದಾಗ, ಅಷ್ಟು ಹೊತ್ತಿಗೆ ಗುಡಿಗೆ ಎರಡು ಸುತ್ತು ಬಂದಿದ್ದ ಪುಟ್ಟಿ, "ಅಂಕಲ್, 38 ಇದ್ದಾರೆ, ನಾಲ್ಕು ಜನ ಕಮ್ಮಿ" ಅಂದಳಂತೆ. ಪ್ರವಾಸಿಗರೆಲ್ಲ ಗೈಡಿನ ಮುಖ ನೋಡಿದರು. ಪಾಪ, ಉಳಿದ ನಾಲ್ವರು ಒಳಗೆ ನವರಂಗದಲ್ಲಿದ್ದಾರೆ ಅಂತ ಆತ ಮುಂದೆ ಹೇಳಬೇಕೆಂದಿದ್ದ. ಡೈರಿಯಲ್ಲಿ ಆತ ಅಸಹಕಾರಿ.

ನನ್ನ ಸಂಕಟ ಶುರುವಾದದ್ದು ವಾಣಿಜ್ಯ ಪಾಠದಿಂದ. "ವಾರಕ್ಕೆ ಎರಡು ದಿನ, ಎರಡೆರಡು ಗಂಟೆ ಪುಟ್ಟಿ ನಿಮ್ಮ ಅಂಗಡೀಲಿ ಕೂತಿರ್ತಾಳೆ. ಏನೂ ಹೇಳ್ಕೊಡ್ಬೇಡಿ, ನೋಡ್ತಾ ಕಲೀತಾಳೆ" ಅಂದರು. ನೋಡ್ತಾ ಕಲಿಯುವ ಮಕ್ಕಳಷ್ಟು ಅಪಾಯಕಾರಿ ಮತ್ಯಾರೂ ಇಲ್ಲ ಅಂತ ನನಗೆ ಆಗ ಗೊತ್ತಿರಲಿಲ್ಲ. ಮೊದಲ ವಾರ ಅವಳು ಪೆನ್ಸಿಲ್ ಡಬ್ಬಿಗಳನ್ನು ಬಣ್ಣದ ಪ್ರಕಾರ ಜೋಡಿಸಿದಳು. ಎರಡನೇ ವಾರ ಬಿಲ್ ಬುಕ್ಕು ಓದಿದಳು. ಮೂರನೇ ವಾರ, "ಅಂಕಲ್, ಅಸಲು ಅಂದ್ರೇನು?" ಅಂದಳು.

ನನಗೂ ಒಂದು ಚಪಲ. ಇಪ್ಪತ್ತೆರಡು ವರ್ಷದಿಂದ ಅಂಗಡಿ ನಡೆಸುತ್ತಿದ್ದೇನೆ. ನೀನು ಇದನ್ನು ಹೇಗೆ ಮಾಡ್ತೀಯ ಅಂತ ಯಾರೂ ಕೇಳಿರಲಿಲ್ಲ. ಹೆಂಡತಿ ಕೇಳಿಲ್ಲ, ಮಗ ಕೇಳಿಲ್ಲ. ಬ್ಯಾಂಕಿನವರು ಕೇಳಿದ್ದು ಬೇರೆ ದನಿಯಲ್ಲಿ. ಒಂದು ಮಗು ಗಲ್ಲಕ್ಕೆ ಕೈಕೊಟ್ಟು ಕೂತು ಕೇಳಿದರೆ ಎಂಥವನಿಗೂ ಮೇಷ್ಟ್ರ ಗಾಳಿ ಮೆಟ್ಟಿಕೊಳ್ಳುತ್ತದೆ. ಒಂದು ಚಾರ್ಟ್ ಶೀಟು ಹಿಡಿದು ಹೇಳಿದೆ: "ನೋಡು ಪುಟ್ಟಿ, ಇದು ನಮಗೆ ಬೀಳೋದು ಆರು ರೂಪಾಯಿಗೆ, ಮಾರೋದು ಹತ್ತಕ್ಕೆ. ಲಾಭ ನಾಲ್ಕು. ಲಾಭಾನ ಯಾವಾಗ್ಲೂ ಅಸಲಿನ ಮೇಲೆ ಲೆಕ್ಕ ಹಾಕ್ಬೇಕು, ಮಾರಿದ್ದರ ಮೇಲಲ್ಲ. ಆರಕ್ಕೆ ನಾಲ್ಕಾದ್ರೆ ನೂರಕ್ಕೆ ಎಷ್ಟು?" ಅವಳು ನೆಲದ ಮೇಲೆ ಬಳಪದಲ್ಲಿ ಭಾಗಿಸಿ ಭಾಗಿಸಿ, "ಇದು ಮುಗಿಯೋದೇ ಇಲ್ಲ ಅಂಕಲ್, ಆರು ಆರು ಅಂತ ಬರ್ತಾನೇ ಇದೆ" ಅಂದಳು. ನನ್ನ ಲಾಭ ಮುಗಿಯುವುದೇ ಇಲ್ಲ ಅಂತ ಕೇಳಿ ನನಗೆ ಸಂತೋಷವೇ ಆಯಿತು.

ಮಾರನೇ ಪಾಠದ ದಿನ ಒಂದು ಶಾಲೆಯ ಅಟೆಂಡರು ಬಂದು ಮೂವತ್ತು ಚಾರ್ಟು ಕೇಳಿದ. ನಾನು ಒಳಗೆ ಹೋಗಿ ಸುರುಳಿ ತರುವಷ್ಟರಲ್ಲಿ ಗಲ್ಲಾದ ಮೇಲೆ ಕೂತಿದ್ದ ಪುಟ್ಟಿ ಗಿರಾಕಿಗೆ ಪಾಠ ಮುಗಿಸಿದ್ದಳು. "ಅಂಕಲ್, ಇದು ನಮಗೆ ಆರಕ್ಕೆ ಬೀಳುತ್ತೆ. ನಿಮಗೆ ಹತ್ತು. ಲಾಭ 66.67 ಪರ್ಸೆಂಟು. ಆದ್ರೆ ಅದು ಪೂರ್ತಿ ಸರಿ ಉತ್ತರ ಅಲ್ಲ, ಮುಂದೆ ಹೋಗ್ತಾನೇ ಇರುತ್ತೆ." ನಾನು ಸುರುಳಿ ಹಿಡಿದು ಬಂದರೆ ಅಟೆಂಡರು ಕೈಕಟ್ಟಿ ನಿಂತಿದ್ದ. "ಏನ್ ಯಜಮಾನ್ರೇ, ಮುಂದೆ ಹೋಗ್ತಾನೇ ಇರುತ್ತಂತೆ?" ಏಳಕ್ಕೆ ಇಳಿದೆ. ಮೂವತ್ತು ಚಾರ್ಟಿಗೆ ತೊಂಬತ್ತು ರೂಪಾಯಿ ಹೋಯಿತು. ಶಿಷ್ಯೆಯ ದೆಸೆಯಿಂದ ಗುರುವೇ ದಕ್ಷಿಣೆ ತೆತ್ತದ್ದು ಈ ಗುರುಕುಲದಲ್ಲಿ ಮಾತ್ರ ಇರಬೇಕು. ಹತ್ತು ಪೈಸೆಯಲ್ಲಿ ಉಳಿಸಿದ್ದೆಲ್ಲ ಒಂದೇ ಏಟಿಗೆ ಹೋಯಿತು.

ಸಂಜೆ ಮೇಷ್ಟ್ರಿಗೆ ದೂರು ಹೇಳಿದೆ. ಅವರಿಗೆ ನಾಚಿಕೆಯೇ? "ಪಾರದರ್ಶಕ ವ್ಯಾಪಾರ ಸಾರ್ ಅದು!" ಅಂದರು. ಆಮೇಲೆ ನನ್ನನ್ನು ಸಮಾಧಾನ ಮಾಡಲೆಂದು, "ಹತ್ತಕ್ಕೆ ನಾಲ್ಕು ಲಾಭ ಅಂದ್ರೆ ನಲವತ್ತೇ ಪರ್ಸೆಂಟು, ಅಷ್ಟೇನೂ ಜಾಸ್ತಿ ಅಲ್ಲ ಬಿಡಿ" ಅಂದರು.

"ತಪ್ಪು ಅಪ್ಪಾ," ಅಂತ ಕೆಳಗಿನಿಂದ ದನಿ ಬಂತು. "ಅಸಲಿನ ಮೇಲೆ ಹಾಕ್ಬೇಕು."

ನನಗೆ ಡಂಕಣ ನೆನಪಾದ. ಊರಿನ ಯಾವ ಮಗುವನ್ನು ಕೇಳಿದರೂ ಹೇಳುತ್ತದೆ: ಅಪ್ಪ ಜಕಣಾಚಾರಿ ಕೆತ್ತಿದ ವಿಗ್ರಹದ ಕಲ್ಲಿನಲ್ಲಿ ದೋಷವಿದೆ ಅಂದ ಹುಡುಗ, ಮೈಗೆಲ್ಲ ಗಂಧ ಬಳಿದರೆ ಹೊಕ್ಕುಳ ಹತ್ತಿರ ಮಾತ್ರ ಆರಲಿಲ್ಲ, ಅಲ್ಲಿ ಕಪ್ಪೆ ಇತ್ತು, ಅಪ್ಪ ಬಲಗೈ ಕಡಿದುಕೊಂಡ. ಆ ವಿಗ್ರಹವಿರುವ ಗುಡಿಯೇ ಕಪ್ಪೆ ಚನ್ನಿಗರಾಯ. ಮೇಷ್ಟ್ರು ಕೈ ಕಡಿದುಕೊಳ್ಳಲಿಲ್ಲ. ಒಂದು ಕ್ಷಣ ಸುಮ್ಮನಿದ್ದು, ಡೈರಿ ತೆಗೆದು, ನನ್ನ ಹೆಸರನ್ನು ಮೂರನೇ ಕಾಲಮ್ಮಿನಿಂದ ಹೊಡೆದುಹಾಕಿ ಒಂದನೇದಕ್ಕೆ ಬರೆದರು. ಬರೆಯುವಾಗ ಕಣ್ಣು ಸ್ವಲ್ಪ ಒದ್ದೆಯಾಗಿತ್ತೋ ಏನೋ. ನಾನು ಕ್ಷಮಿಸಿಬಿಟ್ಟೆ. ತೊಂಬತ್ತು ರೂಪಾಯಿ ಮಾತ್ರ ನೆನಪಿದೆ.

ಆದರೆ ಮನೆಶಾಲೆಯ ವಾದದಲ್ಲಿ ಬಿಟ್ಟುಕೊಡುತ್ತೇನೆಯೇ? ಅವರ ಬ್ರಹ್ಮಾಸ್ತ್ರ ದಾಸೋಜ. "ಗುಡೀಲಿ ಸಹಿ ಇದೆ ಸಾರ್. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಅಪ್ಪನ ಹೆಸರಲ್ಲಿ ನಾಲ್ಕು ಮದನಿಕೆ, ಮಗನ ಹೆಸರಲ್ಲಿ ಐದು. ಯಾವ ಕಾನ್ವೆಂಟಿಗೆ ಹೋಗಿದ್ದ ಚಾವಣ?" ನಾನು ಡಂಕಣನನ್ನು ಬಿಟ್ಟೆ: "ಅಪ್ಪ ಹೆಂಡತಿ ಬಿಟ್ಟು ದೇಶ ಸುತ್ತೋಕೆ ಹೋದ ಮೇಲೆ ಹುಟ್ಟಿ ಕಲಿತವನು ಸಾರ್ ಡಂಕಣ. ಮನೇಲಿ ಅಪ್ಪ ಇಲ್ಲದಿದ್ದಕ್ಕೇ ಅಪ್ಪನ ತಪ್ಪು ಕಂಡಿತು ಅವನಿಗೆ." ಅವರು ಅದು ಕಟ್ಟುಕಥೆ, ಶಾಸನದಲ್ಲಿಲ್ಲ ಅಂದರು. ನನ್ನ ಮಗ ಅಲ್ಲಿಗೆ ಬರದಿದ್ದರೆ ನಾನೇ ಗೆದ್ದಿರುತ್ತಿದ್ದೆ. ಬೆಳಿಗ್ಗೆ ಆರೂಮುಕ್ಕಾಲಿಗೆ ವ್ಯಾನು ಹತ್ತಿ ಹಾಸನಕ್ಕೆ ಹೋದವನು ಸಂಜೆ ಇಳಿದು, ಬ್ಯಾಗನ್ನು ಮೂಟೆಯಂತೆ ಒಗೆದು, "ಅಪ್ಪ, ನಾಳೆಗೆ ಸೌರಮಂಡಲ ಮಾಡ್ಕೊಡು" ಅಂದ. ಥರ್ಮಾಕೋಲು ನಮ್ಮದೇ, ಬಣ್ಣ ನಮ್ಮದೇ, ರಾತ್ರಿ ಹನ್ನೊಂದರವರೆಗೆ ಶನಿಗ್ರಹಕ್ಕೆ ಬಳೆ ತೊಡಿಸುವವನೂ ನಾನೇ. ಊರಿನ ಅಪ್ಪ ಅಮ್ಮಂದಿರೆಲ್ಲ ರಾತ್ರಿ ಎಂಟಕ್ಕೆ ಅಂಗಡಿ ಶಟರು ಬಡಿದು ಪ್ರಾಜೆಕ್ಟಿನ ಸಾಮಾನು ಒಯ್ಯುತ್ತಾರೆ. ಫೀಸು ಕಟ್ಟಿ ಮನೆಶಾಲೆ ನಡೆಸುವವರು ನಾವು. ಮೇಷ್ಟ್ರು ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದೇ ಚುಚ್ಚಿತು.

ಒಂದು ಮಧ್ಯಾಹ್ನ ಪುಟ್ಟಿ ಬಳಪದ ಡಬ್ಬಿ ಹಿಡಿದು ಕೇಳಿದಳು: "ಅಂಕಲ್, ನಮ್ಮ ದೇವಸ್ಥಾನ ಬಳಪದ ಕಲ್ಲಲ್ಲಿ ಕಟ್ಟಿದ್ದಂತೆ. ನೀವು ಮಾರೋದೂ ಬಳಪ. ಒಂದು ದೇವಸ್ಥಾನಕ್ಕೆ ಎಷ್ಟು ಡಬ್ಬಿ ಬೇಕು?" ನಾನು ನಕ್ಕೆ. ಆಮೇಲೆ ನಗು ನಿಂತಿತು. ಗೋಪುರ ಕಾಣುವ ಬೀದಿಯಲ್ಲಿ ಇಪ್ಪತ್ತೆರಡು ವರ್ಷ ಬಳಪ ಮಾರಿದ್ದೇನೆ, ಬಳಪದ ಕಲ್ಲು ಅಂತ ಗೈಡುಗಳ ಬಾಯಲ್ಲಿ ಸಾವಿರ ಸಲ ಕೇಳಿದ್ದೇನೆ, ಆ ಬಳಪವೂ ಈ ಬಳಪವೂ ಒಂದೇ ಮಾತು ಅಂತ ಹೊಳೆದೇ ಇರಲಿಲ್ಲ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಗುಡಿಯ ಗೋಡೆಗೂ ಒಂದನೇ ಕ್ಲಾಸಿನವನ ಸ್ಲೇಟಿಗೂ ನೆಂಟಸ್ತಿಕೆ ಉಂಟೆಂದು ತಿಳಿಯಲು ಶಾಲೆಗೆ ಹೋಗದ ಹುಡುಗಿ ಬರಬೇಕಾಯಿತು.

ಮೇಷ್ಟ್ರು ತಕ್ಷಣ ಭಾಷಣಕ್ಕೆ ಇಳಿದರು. ಈ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗೆ ಇರುತ್ತದೆ, ಅದಕ್ಕೇ ಕಿವಿಯೋಲೆಯ ಕುಸುರಿಯವರೆಗೆ ಕೆತ್ತಲು ಆಯಿತು, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ, ಮಕ್ಕಳೂ ಹಾಗೇ, ಮೆತ್ತಗಿದ್ದಾಗಲೇ ನಾವು... "ಗಾಳಿಗೆ ಬಿಡಬೇಕಲ್ಲ ಸಾರ್ ಆಮೇಲೆ?" ಅಂದೆ. ಸುಮ್ಮನೆ ಕಾಲೆಳೆಯಲು ಅಂದದ್ದು. ಅವರು ಮಗಳ ಕಡೆ ನೋಡಿದರು. ನಾನೂ ನೋಡಿದೆ. ಅವಳು ನೋಡುತ್ತಿದ್ದದ್ದು ರಸ್ತೆಯನ್ನು. ನಾಲ್ಕು ಗಂಟೆ. ಬೆಲ್ಲು ಹೊಡೆದಿತ್ತು.

ಪ್ರತಿ ಪಾಠದ ದಿನವೂ ನಾಲ್ಕು ಗಂಟೆಗೆ ಅವಳು ಗಲ್ಲಾದಿಂದ ಇಳಿದು ಬಾಗಿಲ ಪಕ್ಕ ನಿಲ್ಲುತ್ತಾಳೆ ಅನ್ನುವುದು ನನಗೆ ಆಗ ಗಮನಕ್ಕೆ ಬಂತು. ಹುಡುಗರು ಪೇರಲೆ ಕಾಯಿ ಕಚ್ಚುತ್ತ, ಒಬ್ಬರ ಬ್ಯಾಗು ಒಬ್ಬರು ಎಳೆಯುತ್ತ, ಮೇಷ್ಟ್ರ ನಡಿಗೆ ಅಣಕಿಸುತ್ತ ಬರುತ್ತಾರೆ. ಊರಿನ ಕಮ್ಮಾರನಿಂದ ಹಿಡಿದು ಪೋಸ್ಟ್‌ಮ್ಯಾನ್‌ವರೆಗೆ ಅವಳಿಗೆ ಎಲ್ಲರೂ ಗೊತ್ತು. ಎಲ್ಲರೂ ಅಂಕಲ್‌ಗಳು. ಮೇಷ್ಟ್ರ ಡೈರಿಯ ಮೂರೂ ಕಾಲಮ್ಮು ಹುಡುಕಿದರೂ ಒಂಬತ್ತು ವರ್ಷದ ಒಂದು ಹೆಸರು ಸಿಗದು. ಅದನ್ನು ಸರಬರಾಜು ಮಾಡುವ ಅಂಗಡಿ ನಮ್ಮ ಬೀದಿಯಲ್ಲಿಲ್ಲ.

ಈ ಜೂನಿನಲ್ಲಿ, ನೋಟ್ ಬುಕ್ಕಿನ ಸೀಸನ್ನು, ಮೇಷ್ಟ್ರು ಯಾವುದೋ ಕಾಗದಕ್ಕೆ ಸಹಿ ಹಾಕಿಸಲು ಹೋಗಿದ್ದರು. ಪುಟ್ಟಿ ತನ್ನ ಕಿಸೆಯಿಂದ ಎರಡು ರೂಪಾಯಿ ತೆಗೆದು ಗಲ್ಲಾದ ಮೇಲಿಟ್ಟಳು. "ಲೇಬಲ್ಲು ಕೊಡಿ ಅಂಕಲ್." ಕೊಟ್ಟೆ. ಹೆಸರು ಬರೆದಳು. ತರಗತಿ ಅನ್ನುವ ಕಡೆ ಪೆನ್ಸಿಲ್ಲು ಒಂದು ಗಳಿಗೆ ನಿಂತು ಮುಂದೆ ಹೋಯಿತು. "ಶಾಲೆ ಅಂತ ಇದೆಯಲ್ಲ, ಏನು ಬರೀಲಿ?"

"ಮನೆ ಅಂತ ಬರಿ."

"ಮನೇಲಿ ನಾನು ಇರೋದೇ ಕಮ್ಮಿ" ಅಂದಳು. ಆಮೇಲೆ ನಾಲಿಗೆ ಕಚ್ಚಿ ಬರೆಯತೊಡಗಿದಳು. ಕುಲುಮೆ, ಟೈಲರ್ ಅಂಕಲ್, ಕಟಿಂಗ್ ಶಾಪ್. ಜಾಗ ಮುಗಿಯಿತು. ಇನ್ನೊಂದು ಲೇಬಲ್ಲು ಕೊಟ್ಟೆ. ಅದರಲ್ಲಿ ದೇವಸ್ಥಾನ, ಅಂಚೆ, ಅರಸೀಕೆರೆ, ಕೊನೆಗೆ ನನ್ನ ಅಂಗಡಿ. ಅಷ್ಟರಲ್ಲಿ ನಾಲ್ಕು ಹೊಡೆಯಿತು. ನೀಲಿ ಲಂಗದ ಹುಡುಗಿಯೊಬ್ಬಳು ಸ್ಕೇಲು ಕೇಳಲು ಬಂದವಳು ಲೇಬಲ್ಲಿನ ಮೇಲೆ ಕಣ್ಣಿಟ್ಟು, "ಇದ್ಯಾವ ಸ್ಕೂಲೇ?" ಅಂದಳು. "ಇಷ್ಟುದ್ದ!"

"ಇದು ಬೇಲೂರು" ಅಂದಳು ಪುಟ್ಟಿ. "ನಿಮ್ಮಲ್ಲಿ ಆನೆ ಎಣಿಸ್ತಾರಾ?"

"ಇಲ್ಲ. ನಿಮ್ಮಲ್ಲಿ ಕುಂಟಬಿಲ್ಲೆ ಆಡ್ತಾರಾ?"

ಸ್ಕೇಲಿಗೆ ಹತ್ತು ರೂಪಾಯಿ. ಹುಡುಗಿ ಕೊಟ್ಟದ್ದು ಐವತ್ತು. ನಲವತ್ತು ರೂಪಾಯಿ ಚಿಲ್ಲರೆ ಎಣಿಸಲು ನನಗೆ ಅವತ್ತು ಇಪ್ಪತ್ತು ನಿಮಿಷ ಹಿಡಿಯಿತು. ಒಮ್ಮೆ ಗಲ್ಲಾದ ಕೀಲಿ ಸಿಗಲಿಲ್ಲ, ಒಮ್ಮೆ ಕನ್ನಡಕ ಸಿಗಲಿಲ್ಲ, ಎರಡೂ ಸಿಕ್ಕ ಮೇಲೆ ಲೆಕ್ಕ ತಪ್ಪಿತು. ಅಂಗಡಿ ಮುಂದಿನ ಕಲ್ಲು ಚಪ್ಪಡಿಯ ಮೇಲೆ ನನ್ನದೇ ಬಳಪದಲ್ಲಿ ಚೌಕ ಬರೆದಾಗಿತ್ತು.

ಮೇಷ್ಟ್ರು ಬಂದು ನೋಡಿದರು. ಬಹಳ ಹೊತ್ತು ನಿಂತರು. ಡೈರಿ ತೆಗೆಯಲಿಲ್ಲ. ಆಮೇಲೆ ಗಲ್ಲಾಕ್ಕೆ ಒರಗಿ, ಅಭ್ಯಾಸಬಲದಿಂದ, ತಗ್ಗಿದ ದನಿಯಲ್ಲಿ ಕೇಳಿದರು: "ಲೇಬಲ್ಲಿಗೆ ಸ್ಕೂಲ್ ರೇಟ್ ಹಾಕಿದ್ರಾ ಸಾರ್?"

ಹಾಕಿದ್ದೇನೆ ಅಂದೆ. ಎರಡು ಲೇಬಲ್ಲಿಗೆ ಇಪ್ಪತ್ತು ಪೈಸೆ. ಬರೆದುಕೊಳ್ಳಿ.